ಕಾವಲು ಯಂತ್ರದ ಕಡಿವಾಣ

ಕಂಪ್ಯೂಟರುಗಳ ಜಾಲದಲ್ಲಿ ಮಾರ್ಗವು ಸಾಕಷ್ಟು ವಿಶಾಲವಾಗಿದ್ದೂ ಕಡತಗಳು ಆಮೆಯ ನಡಿಗೆಯಲ್ಲಿ ಸಾಗುವುದುಂಟು. ಅಮೆರಿಕೆಯ ಪೆನ್ಸಿಲ್ವೇನಿಯ ರಾಜ್ಯ ವಿಶ್ವವಿದ್ಯಾನಿಲಯದಲ್ಲಿ ಒದಗಿದ ಇಂಥದೊಂದು ಪ್ರಸಂಗವು 2013ರ ಪ್ರಬಂಧವೊಂದರಲ್ಲಿ ವರ್ಣಿತವಾಗಿದೆ. ಅಲ್ಲಿಯ ಇಂಜಿನಿಯರಿಂಗ್ ಕಾಲೇಜು ವರ್ಜೀನಿಯದ ಸಾರಿಗೆ ಸಂಶೋಧನ ಸಂಸ್ಥೆಯೊಡನೆ ದತ್ತಾಂಶವನ್ನು ವಿನಿಮಯ ಮಾಡಿಕೊಳ್ಳುತ್ತಿದ್ದಿತು. ಯಂತ್ರಗಳ ಸಂಪರ್ಕವು ಸೆಕೆಂಡಿಗೆ 1,000 ಮೆಗಾಬಿಟ್ ಸಾಗಿಸಬಲ್ಲುದು. ಕೈಗೆ ಬರುತ್ತಿದ್ದುದು ಸುಮಾರು 50 ಮಾತ್ರ!

ಇಂಥಲ್ಲಿ ತಂತಿಯನ್ನೋ ದೂರದ ಯಂತ್ರವನ್ನೋ ದೂರುವುದು ವಾಡಿಕೆ. ಅದಕ್ಕೆ ಮೊದಲು ಒಂದಿಷ್ಟು ಗಣಿತ ಮಾಡುವುದು ಲೇಸು.

‘ಟಿಸಿಪಿ’ ಎಂಬ ನಿಯಮದಂತೆ, ಕಳುಹಿಸುವ ಯಂತ್ರವು ಸ್ವಲ್ಪ ಸರಕನ್ನು ಕಳುಹಿಸಿ ರಸೀದಿಗಾಗಿ ಕಾಯುತ್ತದೆ. ರಸೀದಿ ಬರುವುದರೊಳಗೆ ಎಷ್ಟು ಸರಕು ದಾರಿಯಲ್ಲಿರಬಹುದೆಂಬ ಮಿತಿಗೆ ‘ವಿಂಡೋ’ ಎಂದು ಹೆಸರು. ಅದನ್ನು ಬರೆಯಲು ಮೂಲ ನಿಯಮದಲ್ಲಿ 16 ಬಿಟ್‌ಗಳಷ್ಟೇ ಸ್ಥಳವಿರುವುದರಿಂದ ಅದು 65,535 ಬೈಟುಗಳನ್ನು ಮೀರದು. ಮೇಲಿನ ಎರಡು ಊರುಗಳ ನಡುವೆ ಹೋಗಿಬರಲು ತಗಲುವ ಕಾಲ ಸುಮಾರು 10 ಮಿಲಿಸೆಕೆಂಡು. ಎಂದರೆ ಸೆಕೆಂಡಿಗೆ ನೂರು ಸುತ್ತು. ಗುಣಿಸಿ ನೋಡಿದರೆ ಸುಮಾರು 52 ಮೆಗಾಬಿಟ್ ಆಗುತ್ತದೆ. ಕಂಡುಬಂದ ವೇಗವೂ ಹೆಚ್ಚುಕಡಿಮೆ ಅದೇ! ಮಾರ್ಗವನ್ನು ತುಂಬಬೇಕಾದರೆ ಹನ್ನೆರಡೂವರೆ ಲಕ್ಷ ಬೈಟುಗಳು ಏಕಕಾಲದಲ್ಲಿ ದಾರಿಯಲ್ಲಿರಬೇಕು.

ಈ ಕೊರತೆಗೆ 1992ರಲ್ಲಿಯೇ ಪರಿಹಾರವನ್ನು ವಿಧಿಸಲಾಗಿದ್ದಿತು. ಸಂಪರ್ಕದ ಆರಂಭದಲ್ಲಿ ಎರಡು ಯಂತ್ರಗಳೂ ‘ವಿಂಡೋವನ್ನು ಇಷ್ಟರಿಂದ ಗುಣಿಸಿಕೊಳ್ಳಿ’ ಎಂದು ಪರಸ್ಪರ ತಿಳಿಸಿಕೊಳ್ಳುತ್ತವೆ. ಹಾಗಾದರೆ ಆ ಮಾತು ಎಲ್ಲಿ ಕಳೆದುಹೋಯಿತು? ದ್ವಾರದಲ್ಲಿ ನಿಂತು ಪ್ರತಿಯೊಂದು ಪೊಟ್ಟಣವನ್ನೂ ತಪಾಸಣೆ ಮಾಡುವ ‘ಫೈರ್‌ವಾಲ್’ ಎಂಬ ಕಾವಲು ಯಂತ್ರದಲ್ಲಿ! ಪೊಟ್ಟಣಗಳ ಕ್ರಮಸಂಖ್ಯೆಯನ್ನು ಪರಿಶೀಲಿಸುವ ಅದರ ಒಂದು ಏರ್ಪಾಡು ಆ ಸೂಚನೆಯನ್ನೇ ತಿದ್ದಿಬಿಡುತ್ತಿದ್ದಿತು. ಪಾಪ, ಎರಡು ಕೊನೆಗಳಿಗೂ ಇದರ ಸುಳಿವಿಲ್ಲ.

ಬೇಕೆಂದೇ ಹಾಕಿದ ಕಡಿವಾಣವೂ ಇರಬಹುದು. ಒಂದು ಕಚೇರಿಯ ಒಟ್ಟು ಸಂಚಾರವು ಇಷ್ಟನ್ನು ಮೀರಬಾರದೆಂದು ಅಧಿಕಾರಿಗಳು ಫೈರ್‌ವಾಲಿಗೆ ಆಜ್ಞೆ ಕೊಟ್ಟಿರುತ್ತಾರೆ. ಮಿತಿ ಮೀರಿದ ಪೊಟ್ಟಣಗಳನ್ನು ಅದು ಎಸೆದುಬಿಡುತ್ತದೆ. ಆಗ ಅವನ್ನು ಮತ್ತೆ ಮತ್ತೆ ಕಳುಹಿಸಬೇಕಾಗುತ್ತದೆ. ಇಲ್ಲವೇ ಸಾಲಿನಲ್ಲಿ ನಿಲ್ಲಿಸುತ್ತದೆ. ಆಗ ಹೋಗಿಬರುವ ಕಾಲವೇ ಹಿಗ್ಗುತ್ತದೆ. ಇದನ್ನು ವಿಂಡೋ ದೋಷದಿಂದ ಬೇರ್ಪಡಿಸಲು ಸುಲಭವಾದ ಪ್ರಯೋಗವೊಂದುಂಟು. ಒಂದರ ಬದಲು ನಾಲ್ಕು ವರ್ಗಾವಣೆಗಳನ್ನು ಒಟ್ಟಿಗೆ ಆರಂಭಿಸಿರಿ. ಒಟ್ಟು ವೇಗವು ನಾಲ್ಮಡಿಯಾದರೆ ಮಿತಿಯು ಪ್ರತಿ ಸಂಪರ್ಕಕ್ಕೂ ಪ್ರತ್ಯೇಕವಾದುದು. ಹಿಂದಿನ ಅಂಕಿಯಲ್ಲಿಯೇ ನಿಂತರೆ ಮಿತಿಯು ಒಟ್ಟು ಸಂಚಾರದ ಮೇಲಿದೆ. ಅನಂತರ ಫೈರ್‌ವಾಲಿನ ಎರಡು ಪಾರ್ಶ್ವಗಳಲ್ಲಿಯೂ ಮೊದಲ ಪೊಟ್ಟಣಗಳನ್ನು ಹಿಡಿದು ಹೋಲಿಸಿದರೆ, ಒಳಗೆ ಏನನ್ನಾದರೂ ತಿದ್ದಲಾಗಿದೆಯೇ ಎಂಬುದು ಬಯಲಾಗುತ್ತದೆ.

ಬೇಸತ್ತು ಕಾವಲನ್ನೇ ಕಿತ್ತೊಗೆಯುವವರೂ ಇದ್ದಾರೆ. ಅದು ಅಪಾಯಕರ, ಅನಾವಶ್ಯಕವೂ ಹೌದು. ಪೆನ್ಸಿಲ್ವೇನಿಯದಲ್ಲಿ ನಿಲ್ಲಿಸಿದುದು ಆ ಒಂದು ಪರಿಶೀಲನೆಯನ್ನು ಮಾತ್ರ. ಒಳಬರುವ ವೇಗವು ಸುಮಾರು ಐದರಷ್ಟು, ಹೊರಹೋಗುವ ವೇಗವು ಸುಮಾರು ಹನ್ನೆರಡರಷ್ಟು ಏರಿತು.