ಮುದ್ದಿನ ಹೆಸರಿಗೆ ತಕ್ಕ ದೀಕ್ಷಾಸ್ನಾನದ ಹೆಸರು



ಮಗು ಹುಟ್ಟಿದ ವಾರದಲ್ಲೇ ಮನೆಯಲ್ಲಿ ಒಂದು ಹೆಸರೂ ಹುಟ್ಟಿಕೊಳ್ಳುತ್ತದೆ. ಅಕ್ಕ 'ಬೆನ್ನಿ' ಎನ್ನುತ್ತಾಳೆ, ಅಜ್ಜಿ 'ಜಾಕಿ' ಎನ್ನುತ್ತಾರೆ. ಆದರೆ ದೀಕ್ಷಾಸ್ನಾನದ ವಿಧಿಯಲ್ಲಿ ಗುರುಗಳು ಕೇಳುವ ಮೊದಲ ಪ್ರಶ್ನೆಯೇ "ಈ ಮಗುವಿಗೆ ಯಾವ ಹೆಸರು ಕೊಡುತ್ತೀರಿ?" ಎಂಬುದು. ಆಗ ನೀವು ಹೇಳುವ ಹೆಸರು ಧರ್ಮಕೇಂದ್ರದ ಪುಸ್ತಕದಲ್ಲಿ ಶಾಶ್ವತವಾಗಿ ಉಳಿಯುತ್ತದೆ. ಮುದ್ದಿನ ಹೆಸರನ್ನು ಬಿಡಬೇಕೇ? ಬೇಕಿಲ್ಲ. ಅದಕ್ಕೆ ತಕ್ಕ ಪೂರ್ಣ ಹೆಸರನ್ನು ಹುಡುಕಿದರೆ ಸಾಕು.

ಪವಿತ್ರಗ್ರಂಥದಲ್ಲಿ

ಲೂಕನ ಶುಭಸಂದೇಶದ ಮೊದಲನೇ ಅಧ್ಯಾಯವನ್ನು ಓದಿರಿ. ನೆಂಟರು ಮಗುವಿಗೆ ತಂದೆಯ ಹೆಸರಿಡಲು ಹೊರಟಾಗ ಎಲಿಜಬೇತಳು ಒಪ್ಪಲಿಲ್ಲ. ಜಕರೀಯನು ಹಲಗೆಯ ಮೇಲೆ ಬರೆದು 'ಯೊವಾನ್ನ' ಎಂದು ತೀರ್ಮಾನಿಸಿದನು. ಹೆಸರಿನ ವಿಷಯದಲ್ಲಿ ನೆಂಟರ ಚರ್ಚೆ ಇಂದಿನದಲ್ಲ! ಅಡ್ಡಹೆಸರಿಗೂ ಅಲ್ಲಿ ಗೌರವವಿದೆ. ಪ್ರೇಷಿತರು 'ಬಾರ್ನಬ' ಎಂದು ಕರೆದವನ ಮೂಲ ಹೆಸರು ಜೋಸೆಫ. 'ತೋಮ' ಎಂದರೆ ಅವಳಿ ಎಂದಷ್ಟೇ ಅರ್ಥ.

ನಮ್ಮ ಊರುಗಳಲ್ಲಿ

ಪುತ್ತೂರು, ಸುಳ್ಯ, ಕಡಬಗಳಲ್ಲಿ ಕೊಂಕಣಿ ಮಾತಾಡುವ ಕುಟುಂಬಗಳೂ ಕೇರಳದಿಂದ ಬಂದು ನೆಲೆಸಿದ ಮಲಯಾಳಿ ಕುಟುಂಬಗಳೂ ಅಕ್ಕಪಕ್ಕದಲ್ಲಿವೆ. ಎರಡೂ ಕಡೆಯ ಹಿರಿಯರು ಸಂತರ ಹೆಸರುಗಳನ್ನು ತಮ್ಮ ನಾಲಗೆಗೆ ಒಗ್ಗಿಸಿಕೊಂಡರು. ಕೊಂಕಣಿಯ ಜುವಾಂವ್ ಎಂದರೆ ಜಾನ್, ಇನಾಸ್ ಎಂದರೆ ಇಗ್ನೇಶಿಯಸ್, ಬಸ್ತ್ಯಾಂವ್ ಎಂದರೆ ಸೆಬಾಸ್ಟಿಯನ್. ಮಲಯಾಳಂನಲ್ಲಿ ಅದೇ ಸೆಬಾಸ್ಟಿಯನ್ 'ದೇವಸ್ಯ' ಆದರು. ಜೇಕಬ್ 'ಚಾಕ್ಕೊ' ಆದರು, ಜಾರ್ಜ್ 'ವರ್ಗೀಸ್' ಆದರು, ಎಲಿಜಬೆತ್ 'ಏಲಿಯಮ್ಮ' ಆದರು. ಮಲಯಾಳಿ ಕುಟುಂಬಗಳಲ್ಲಿ ಚೊಚ್ಚಲ ಮಗನಿಗೆ ತಂದೆಯ ತಂದೆಯ ಹೆಸರಿಡುವುದು ಹಳೆಯ ರೂಢಿ. ಒಂದೇ ಹೆಸರಿನ ಅಜ್ಜ-ಮೊಮ್ಮಗ ಒಂದೇ ಸೂರಿನಡಿ ಇದ್ದಾಗ ಮನೆಯ ಹೆಸರು ಬೇಕೇ ಬೇಕಾಗುತ್ತದೆ.

ಹುಡುಕುವ ಬಗೆ

1. ಮುದ್ದಿನ ಹೆಸರಿನ ಮೂಲವನ್ನು ನೋಡಿರಿ. 'ಬೆನ್ನಿ' ಎಂಬುದು ಬೆನೆಡಿಕ್ಟ್ ಅಥವಾ ಬೆಂಜಮಿನ್‌ಗೆ ಹೊಂದುತ್ತದೆ. 'ಲೀನಾ' ಮಗ್ದಲೇನಾಗೆ, 'ರೀಟಾ' ಮಾರ್ಗರೀಟಾಗೆ, 'ಲಿಲ್ಲಿ' ಎಲಿಜಬೆತ್‌ಗೆ ಹೊಂದುತ್ತವೆ. 'ಜಾಕಿ' ಎಂಬುದಕ್ಕೆ ಕಡಬದ ಚರ್ಚಿನ ಪಾಲಕ ಸಂತ ಜೋಕಿಮರೇ ಇದ್ದಾರೆ.

2. ಅಜ್ಜ-ಅಜ್ಜಿಯರ ಹೆಸರುಗಳನ್ನು ಬರೆದಿಟ್ಟು, ಅವುಗಳಲ್ಲಿ ಯಾವುದು ಮುದ್ದಿನ ಹೆಸರಿಗೆ ಸಮೀಪವೆಂದು ನೋಡಿರಿ. ಏಲಿಯಮ್ಮ ಅಜ್ಜಿಯ ಮೊಮ್ಮಗಳು ಮನೆಯಲ್ಲಿ ಲಿಲ್ಲಿ, ದಾಖಲೆಯಲ್ಲಿ ಎಲಿಜಬೆತ್ ಆದರೆ ಹಿರಿಯರಿಗೂ ಸಂತೋಷ, ಕಿರಿಯರಿಗೂ ಸಂತೋಷ.

3. ಸಂತರು ಯಾರೆಂದು ಖಚಿತಪಡಿಸಿಕೊಳ್ಳಿರಿ. ಐರ್ಲೆಂಡಿನ ಬ್ರಿಜಿಡರ ಹಬ್ಬ ಫೆಬ್ರವರಿ 1, ಸ್ವೀಡನ್ನಿನ ಬ್ರಿಜೆಟರ ಹಬ್ಬ ಜುಲೈ 23. ಮಗು ತನ್ನ ನಾಮಹಬ್ಬವನ್ನು ಯಾವ ದಿನ ಆಚರಿಸಬೇಕೆಂದು ನಿಮಗೆ ತಿಳಿದಿರಬೇಕು.

4. 'ಚಿನ್ನು', 'ಪಿಂಕಿ'ಯಂತಹ ಹೆಸರುಗಳಿಗೆ ಮೂಲ ಸಿಗದಿದ್ದರೆ ಅವು ಮನೆಯಲ್ಲೇ ಇರಲಿ. ಅರುವತ್ತರ ಪ್ರಾಯದಲ್ಲೂ ಒಪ್ಪುವ ಹೆಸರು ದಾಖಲೆಗೆ ಹೋಗಲಿ.

ಧರ್ಮಸಭೆಯ ಕಾನೂನು, ಸರಕಾರದ ಕಾನೂನು

1917ರ ಧರ್ಮಸಭಾ ಕಾನೂನಿನಂತೆ ಕ್ರೈಸ್ತ ಹೆಸರನ್ನೇ ಇಡಬೇಕಿತ್ತು. ಹೆತ್ತವರು ಒಪ್ಪದಿದ್ದರೆ ಗುರುಗಳು ಸಂತರ ಹೆಸರೊಂದನ್ನು ಸೇರಿಸಿ ಎರಡನ್ನೂ ಬರೆಯುತ್ತಿದ್ದರು. ಲತೀನ್ ಧರ್ಮಸಭೆಯ 1983ರ ಸಂಹಿತೆ ಕ್ರೈಸ್ತ ಭಾವನೆಗೆ ಹೊರತಾದ ಹೆಸರು ಬೇಡ ಎಂದಷ್ಟೇ ಹೇಳುತ್ತದೆ. ಆದ್ದರಿಂದ ಕನ್ನಡದ ಒಳ್ಳೆಯ ಹೆಸರಿಗೂ ಅಡ್ಡಿಯಿಲ್ಲ.

ಸರಕಾರಿ ದಾಖಲೆಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. 1969ರ ಕಾಯಿದೆಯಂತೆ ಜನನವನ್ನು 21 ದಿನಗಳೊಳಗೆ ತಿಳಿಸಬೇಕು. ಹೆಸರು ಆಗಲೇ ಬೇಕೆಂದಿಲ್ಲ. ನೋಂದಣಿಯಾದ 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ಹಾಗಾಗಿ ಅವಸರದಲ್ಲಿ ಆಸ್ಪತ್ರೆಯ ಫಾರ್ಮಿನಲ್ಲಿ ಮುದ್ದಿನ ಹೆಸರನ್ನು ಬರೆಸಬೇಡಿರಿ. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ, ಆ ದಿನದಿಂದ ಹುಟ್ಟಿದವರಿಗೆ ಶಾಲೆ, ಪಾಸ್‌ಪೋರ್ಟ್, ಆಧಾರ್ ಮೊದಲಾದವುಗಳಿಗೆ ಜನನ ಪತ್ರವೇ ಆಧಾರ.

ಚರ್ಚಿನ ಪುಸ್ತಕದಲ್ಲಿ ಒಂದು, ಜನನ ಪತ್ರದಲ್ಲಿ ಇನ್ನೊಂದು, ಶಾಲೆಯಲ್ಲಿ ಮತ್ತೊಂದು ಹೆಸರಾದರೆ ಮದುವೆಯ ಹೊತ್ತಿಗೆ ಕಷ್ಟ ಕಾದಿರುತ್ತದೆ. ದೃಢೀಕರಣ, ವಿವಾಹ ಎಲ್ಲವೂ ದೀಕ್ಷಾಸ್ನಾನದ ದಾಖಲೆಯ ಬದಿಯಲ್ಲೇ ನಮೂದಾಗುತ್ತವೆ. ಆ ಪುಟವೇ ಸಿಗದಿದ್ದರೆ ಓಡಾಡಬೇಕಾದವನು ನಿಮ್ಮ ಮಗ. ಎಲ್ಲೆಡೆ ಒಂದೇ ಹೆಸರು, ಒಂದೇ ಕಾಗುಣಿತ ಇರಲಿ.

ಮನೆಯಲ್ಲಿ ಚರ್ಚಿಸಿರಿ

ನಿಮ್ಮ ಮಕ್ಕಳಿಗೆ ತಮ್ಮ ಹೆಸರಿನ ಸಂತರ ಕಥೆ ಗೊತ್ತಿದೆಯೇ? ಅಜ್ಜಿಯ ಮನೆಯ ಹೆಸರಿನ ಹಿಂದಿರುವ ಪೂರ್ಣ ಹೆಸರು ಯಾವುದು? ಇಂದು ಸಂಜೆಯ ಜಪಸರದ ಬಳಿಕ ಅವರನ್ನೇ ಕೇಳಿರಿ. ಹೇಳಲು ಅವರಿರುವಾಗಲೇ ಬರೆದಿಟ್ಟುಕೊಳ್ಳಿರಿ.