ನಿಧಾನಕ್ಕೆಲ್ಲ ಪಾರ್ಕಿನ್ಸನ್ ಕಾರಣವಲ್ಲ, ಥೈರಾಯ್ಡ್ ಕೂಡ ನೋಡಿಸಿ

ಪಾರ್ಕಿನ್ಸನ್ ಇರುವ ಹಿರಿಯರ ನಡಿಗೆ ಇನ್ನಷ್ಟು ನಿಧಾನವಾದರೆ, ಮಲಬದ್ಧತೆ ಹೆಚ್ಚಿದರೆ, ಮಾತು ಕಡಿಮೆಯಾದರೆ ‘ರೋಗ ಬೆಳೀಲಿಕತ್ತದ’ ಎಂದು ಮನೆಯವರೇ ತೀರ್ಮಾನಿಸಿಬಿಡುತ್ತಾರೆ. ಥೈರಾಯ್ಡ್ ಕೊರತೆಯಲ್ಲೂ ಇವೇ ಲಕ್ಷಣ. ಅದಕ್ಕೆ ಅಗ್ಗದ ಮಾತ್ರೆಯಿದೆ. ಪತ್ತೆಯಾಗದೆ ಉಳಿದರೆ ಪಾಪ, ಹಿರಿಯರು ತಪ್ಪಿಸಬಹುದಾದ ಕಷ್ಟ ಅನುಭವಿಸುತ್ತಾರೆ.

ಮೊದಲು ಒಂದು ವಾರ ಗಮನಿಸಿ ಬರೆದಿಡಿ. ನಮ್ಮೂರು ನಾಲವಾರದ ಬೇಸಿಗೆಯಲ್ಲೂ ಚಳಿಯೆಂದು ಚಾದರ ಕೇಳುತ್ತಾರೆಯೇ? ಚರ್ಮ ಒಣಗಿದೆಯೇ, ಮುಖ ಊದಿದೆಯೇ? ಹಾಗಿದ್ದರೆ ಥೈರಾಯ್ಡ್ ಕೊರತೆಯ ಶಂಕೆ ಬಲವಾಗುತ್ತದೆ.

ಕೈನಡುಕವನ್ನೂ ನೋಡಿ. ತೊಡೆಯ ಮೇಲೆ ಸುಮ್ಮನಿಟ್ಟ ಕೈಯ ಹೆಬ್ಬೆರಳು, ತೋರುಬೆರಳು ಜೋಳದ ಕಾಳು ಹೊಸಕಿದಂತೆ ಆಡುವುದು ಪಾರ್ಕಿನ್ಸನ್ ನಡುಕ. ಸಾಮಾನ್ಯವಾಗಿ ಒಂದು ಬದಿಯಲ್ಲಿ ಶುರುವಾಗುತ್ತದೆ. ಈಗ ಕೈಗಳನ್ನು ಮುಂದೆ ಚಾಚಿಸಿ ಮೇಲೊಂದು ಹಾಳೆ ಇಡಿ. ಹಾಳೆ ಸಣ್ಣಗೆ, ವೇಗವಾಗಿ ಅದುರಿ, ಜತೆಗೆ ಎದೆಬಡಿತ, ಬೆವರು ಇದ್ದರೆ ಥೈರಾಯ್ಡ್ ಹೆಚ್ಚಾಗಿರಬಹುದು. ಖಚಿತಪಡಿಸುವುದು ರಕ್ತಪರೀಕ್ಷೆಯೇ.

ಥೈರಾಯ್ಡ್ ರಕ್ತಪರೀಕ್ಷೆಯಲ್ಲಿ ಟಿಎಸ್‌ಎಚ್ ಜತೆ ಫ್ರೀ ಟಿ4 ಕೂಡ ಮಾಡಿಸುವುದು ಒಳ್ಳೆಯದು. ಪಾರ್ಕಿನ್ಸನ್‌ಗೆ ಕೊಡುವ ಲೆವೊಡೋಪಾ ಮಾತ್ರೆ ನುಂಗಿದ ಮೇಲೆ ಕೆಲ ಗಂಟೆ ಟಿಎಸ್‌ಎಚ್ ತುಸು ಇಳಿಯಬಹುದು, ಬಯೋಟಿನ್ ಎಂಬ ವಿಟಮಿನ್ ಮಾತ್ರೆಯೂ ವರದಿ ಕೆಡಿಸಬಹುದು. ಎರಡನ್ನೂ ವೈದ್ಯರಿಗೆ ಹೇಳಿ. ತೋರಿಸಲು ನಾಲವಾರದಿಂದ ರೈಲಿನಲ್ಲಿ ವಾಡಿ, ಶಹಾಬಾದ್ ದಾಟಿದರೆ ಕಲಬುರಗಿ, ಅಲ್ಲಿ ಜಿಮ್ಸ್ ಆಸ್ಪತ್ರೆಯಿದೆ. ಹೋಗುವಾಗ ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಚೀಲದಲ್ಲಿ ಹಾಕಿಕೊಳ್ಳಿ. ನಸುಗುನ್ನಿ ಪುಡಿ ತಿನ್ನುತ್ತಿದ್ದರೆ ಅದನ್ನೂ ತೋರಿಸಿ, ಅದರಲ್ಲೂ ಲೆವೊಡೋಪಾ ಇದೆ.

ಕೊರತೆ ಖಚಿತವಾಗಿ ಥೈರಾಯ್ಡ್ ಮಾತ್ರೆ ಶುರುವಾದ ಮೇಲೆ ಮನೆಯವರು ಹೆಚ್ಚು ತಪ್ಪುವುದು ಮಾತ್ರೆ ಕೊಡುವ ಹೊತ್ತಿನಲ್ಲಿ. ಬೆಳಗಿನ ಚಹಾದ ಗುಟುಕಿನೊಂದಿಗೇ ಎಲ್ಲ ಮಾತ್ರೆ ನುಂಗಿಸಿದರೆ ಥೈರಾಯ್ಡ್ ಮಾತ್ರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ಎದ್ದ ಕೂಡಲೇ ಖಾಲಿ ಹೊಟ್ಟೆಯಲ್ಲಿ ಬರೀ ನೀರಿನೊಂದಿಗೆ ಕೊಡಿ. ಚಹಾ, ನಾಷ್ಟಾ ಅರ್ಧದಿಂದ ಒಂದು ಗಂಟೆ ತಡೆಯಲಿ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗೆ 4 ಗಂಟೆ ಅಂತರವಿರಲಿ. ಕಬ್ಬಿಣ ಲೆವೊಡೋಪಾವನ್ನೂ ತಡೆಯುತ್ತದೆ. ತೊಗರಿಬೇಳೆ, ಹಾಲು, ಮೊಟ್ಟೆಯ ಊಟದೊಂದಿಗೆ ಲೆವೊಡೋಪಾ ಕೊಟ್ಟರೆ ಕೆಲವರಿಗೆ ಕೆಲಸ ಮಾಡುವುದು ತಡ; ಊಟಕ್ಕೆ ಅರ್ಧ ಗಂಟೆ ಮುಂಚೆ ಕೊಡಬಹುದೇ ಎಂದು ವೈದ್ಯರನ್ನು ಕೇಳಿ. ಹಾಗೆಂದು ಬೇಳೆ ಬಿಡಿಸಬೇಡಿ, ಶಕ್ತಿಗೆ ಅದು ಬೇಕೇ ಬೇಕು.

ಥೈರಾಯ್ಡ್ ಮಾತ್ರೆ ಶುರುವಾದ 6ರಿಂದ 8 ವಾರಕ್ಕೆ ಮತ್ತೆ ಟಿಎಸ್‌ಎಚ್ ನೋಡಿಸಿ. ಹೃದಯದ ತೊಂದರೆ ಇದ್ದವರಿಗೆ ಥೈರಾಯ್ಡ್ ಮಾತ್ರೆ ಕಡಿಮೆ ಪ್ರಮಾಣದಿಂದಲೇ ಶುರುವಾಗಬೇಕು. ಎದೆನೋವು, ಜೋರು ಬಡಿತ ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಿ. ಲೆವೊಡೋಪಾ ಮಾತ್ರ ಎಂದೂ ನೀವಾಗಿಯೇ ಏಕಾಏಕಿ ನಿಲ್ಲಿಸಬೇಡಿ, ಜೀವಕ್ಕೇ ಅಪಾಯ.