ನೆಗೆಟಿವ್ ಹಿಗ್ಗಿಸುವ ಮುಂಚೆ

ತಮ್ಮಾ, ಲಿಂಗಂಪಲ್ಲಿಯ ಮಾಳಿಗೆ ಮೇಲೆ ಸಯನೊಟೈಪ್ ಮಾಡ್ತೀನಂತ ಹೊರಟಿದ್ದೀಯ, ಛಲೋ ಆಯ್ತು. ಕೆಮಿಕಲ್ ತರುವ ಮೊದಲು ನೆಗೆಟಿವ್ ಕಡೆ ಲಕ್ಷ್ಯ ಕೊಡು.

1842ರಲ್ಲಿ ಜಾನ್ ಹರ್ಷೆಲ್ ಕಂಡುಹಿಡಿದ, ನೀಲಿ ಚಿತ್ರ ಮೂಡಿಸುವ ಈ ಕಬ್ಬಿಣದ ಲವಣದ ಲೇಪ ಬಲು ಮಂದ. ಎನ್‌ಲಾರ್ಜರಿನ ಬೆಳಕಿಗೆ ಜಗ್ಗುವುದಿಲ್ಲ, ಬಿಸಿಲಿನಲ್ಲಿರುವಂಥ ಅತಿನೇರಳೆ ಕಿರಣವೇ ಬೇಕು. ಹಾಗಾಗಿ ನೆಗೆಟಿವನ್ನು ಕಾಗದಕ್ಕೆ ಒತ್ತಿಟ್ಟೇ ಅಚ್ಚು ತೆಗೆಯಬೇಕು. ಚಿತ್ರ ಎಷ್ಟು ದೊಡ್ಡದೋ ನೆಗೆಟಿವ್ವೂ ಅಷ್ಟೇ ದೊಡ್ಡದು. ನಿಜಾಮರ ಫೋಟೊಗ್ರಾಫರ್ ರಾಜಾ ದೀನ್ ದಯಾಳ್ ಕಾಲದ ಅಲ್ಬುಮೆನ್ ಕಾಗದವೂ ಬಿಸಿಲಲ್ಲೇ ಮೂಡುತ್ತಿತ್ತು, ಅದಕ್ಕೇ ಅವರು ದೊಡ್ಡ ಗಾಜಿನ ಫಲಕ ಹೊರಬೇಕಾಯಿತು. ನಿನಗೆ ಆ ಹೊರೆ ಇಲ್ಲ. ಸ್ಕ್ಯಾನ್ ಮಾಡಿ, ಕಪ್ಪು-ಬಿಳುಪು ಅದಲುಬದಲು ಮಾಡಿ, ಇಂಕ್‌ಜೆಟ್‌ನಲ್ಲಿ ಪಾರದರ್ಶಕ ಹಾಳೆಯ ಮೇಲೆ ಪ್ರಿಂಟ್ ತೆಗೆದರಾಯ್ತು. ಜೆರಾಕ್ಸ್ ಅಂಗಡಿಯ ಲೇಸರ್ ಪ್ರಿಂಟ್ ನಂಬಬೇಡ. ಅದರ ಕಪ್ಪಿನಲ್ಲಿ ಬಿಸಿಲು ಸೋರುತ್ತದೆ. ಡಾರ್ಕ್‌ರೂಮ್ ಇದ್ದವರು ಮೊದಲು ಪಾಸಿಟಿವ್ ಮಾಡಿ, ಅದನ್ನು ಲಿತ್ ಫಿಲ್ಮಿನ ಮೇಲೆ ಹಿಗ್ಗಿಸುತ್ತಾರೆ. ಎರಡೆರಡು ಸಲ ಧೂಳಿನ ಕಾಟ. ನನಗಂತೂ ಆ ಗೋಜು ಬೇಡ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳ್ತೀನಿ: ಯಾರದೋ ಕರ್ವ್ (ಬೂದು ಛಾಯೆಗಳನ್ನು ತಿದ್ದುವ ರೇಖೆ) ತಂದು ನಿನ್ನ ಫೈಲಿಗೆ ಹಾಕಬೇಡ. ಅವರ ಇಂಕು, ಕಾಗದ, ಬಿಸಿಲು ಎಲ್ಲ ಬೇರೆ. ಲೇಪ ಹಚ್ಚಿದ ಕಾಗದದ ಪಟ್ಟಿ ತಗೊಂಡು, ಉದ್ದಕ್ಕೂ ಅರ್ಧ ಅಗಲ ಮುಚ್ಚುವಂತೆ ಏನೂ ಪ್ರಿಂಟಾಗದ ಖಾಲಿ ಪಾರದರ್ಶಕ ಹಾಳೆ ಇಡು. ರಟ್ಟು ಸರಿಸುತ್ತ 2, 4, 6, 8, 10 ನಿಮಿಷ ಬಿಸಿಲು ಕಾಣಿಸು. ತೊಳೆದು ಪೂರ್ತಿ ಒಣಗಿಸು. ಒಣಗಿದಂತೆ ನೀಲಿ ಗಾಢವಾಗುತ್ತದೆ, ಒದ್ದೆಯಲ್ಲಿ ತೀರ್ಮಾನ ಬೇಡ. ಹಾಳೆಯ ಅಂಚಿನ ಗೆರೆ ಎಷ್ಟು ನಿಮಿಷಕ್ಕೆ ಮೊದಲು ಮಾಯವಾಗಿದೆಯೋ ಅದೇ ನಿನ್ನ ಕಾಲ. ಆಮೇಲೆ ಆ ಕಾಲ ಬದಲಿಸಲೇಬೇಡ. ಅಷ್ಟೇ ಹೊತ್ತಿಗೆ 21 ಮೆಟ್ಟಿಲಿನ ಬೂದು ಪಟ್ಟಿ ಮೂಡಿಸು. ಯಾವ ಮೆಟ್ಟಿಲುಗಳು ಒಂದರೊಳಗೊಂದು ಸೇರಿಹೋಗಿವೆಯೋ ನೋಡಿ, ಅಲ್ಲಿ ಕರ್ವ್ ತಿದ್ದು. ಪರೀಕ್ಷೆಯೂ ಪ್ರಿಂಟೂ ದಿನದ ಒಂದೇ ಹೊತ್ತಿನಲ್ಲಿ ಆಗಲಿ: ಬೆಳಗಿನ 8ರ ಬಿಸಿಲಿಗೂ ನೆತ್ತಿಯ ಬಿಸಿಲಿಗೂ ಅಜಗಜಾಂತರ.

ನೀರಿನದೂ ಒಂದು ಕಥೆ. ಬೋರ್ ನೀರು ಗಡಸು. ಕ್ಷಾರ ತಾಗಿದರೆ ನೀಲಿ ಮಾಸುತ್ತದೆ. ಮೊದಲ ಸಲ ತೊಳೆಯುವ ನೀರಿಗೆ ಒಂದಿಷ್ಟು ವಿನೆಗರ್ ಹಾಕು.

ಇಂಕಿನ ಮುಖ ಕಾಗದಕ್ಕೆ ತಾಗುವಂತಿಡಬೇಕು, ಆಗಲೇ ಚಿತ್ರ ಚೂಪಾಗಿ ಬರುವುದು. ಅದಕ್ಕೇ ಪ್ರಿಂಟ್ ಕೊಡುವ ಮೊದಲು ಫೈಲನ್ನು ಎಡಬಲ ತಿರುಗಿಸಿಕೋ. ಮಳೆಗಾಲದಲ್ಲಿ ಕಾಗದ ಪಸೆ ಹಿಡಿದಿರುತ್ತದೆ, ಇಂಕು ಅದಕ್ಕೇ ಮೆತ್ತಿಕೊಂಡು ನೆಗೆಟಿವ್ ಹಾಳಾಗುತ್ತದೆ. ನಡುವೆ ತೆಳು ಪಾಲಿಯೆಸ್ಟರ್ ಹಾಳೆ ಇಡು, ಕಾಲದ ಪರೀಕ್ಷೆಯನ್ನೂ ಆ ಹಾಳೆ ಇಟ್ಟೇ ಮತ್ತೊಮ್ಮೆ ಮಾಡು.